ಗುಜರಿ ಗಾಡಿಯ ಬಾಗಿಲು

ಅಪ್ಪಾ,

ಆಫೀಸಿನ ಸಂಬಳ ಸಾಲದೆಂದು ಭಾನುವಾರ ಟೋಯಿಂಗ್ ಲಾರಿಯಲ್ಲಿ ಕೆಟ್ಟ ಗಾಡಿಗಳನ್ನು ಎಳೆಯುತ್ತೇನಲ್ಲ, ಇವತ್ತು ಮುಂಬೈಯ ಘಾಟ್ಕೋಪರಿನಲ್ಲಿ ತಲೆ ಕೆಟ್ಟುಹೋಯಿತು. ಗುಜರಿಗೆ ಒಯ್ಯಬೇಕಾದ ಕಾರಿಗೆ ಕೊಕ್ಕೆ ಹಾಕಿದರೂ ಅದರ ಮಾಲಕರು, ನಮ್ಮ ವಿಜಯಪುರದ ಕಡೆಯ ಮುದುಕರು, ಸ್ಟೇರಿಂಗ್ ಹಿಡಿದು ಕೂತೇ ಇದ್ದರು.

“ಎಳಿಯೋ ಗಾಡ್ಯಾಗ ಯಾರೂ ಕೂಡಂಗಿಲ್ರಿ, ಇಳೀರಿ!” ಎಂದು ಕೂಗಿದೆ.

“ಇಷ್ಟು ವರ್ಷ ನಾನಽ ಹೊಡದೇನಿ. ಆ ಚೌಕಿನ ನಾಕಾದ ತನಕ ಬರ್ತೇನಪಾ.”

ಹಿಂದೆ ಹಾರ್ನುಗಳ ಗದ್ದಲ. ಮತ್ತೆ ಕೂಗಿದೆ. ನಿನ್ನ ಟ್ಯಾಕ್ಸಿಯನ್ನು ಗುಜರಿಗೆ ಎಳೆದೊಯ್ದ ದಿನ ನಿನ್ನ ಮೇಲೂ ನಾನು ಹೀಗೆಯೇ ಕೂಗಿದ್ದೆ. ನಿಯಮವೇನೂ ತಪ್ಪಲ್ಲ.

ಮುದುಕರು ಇಳಿದರು. ಬಾಗಿಲನ್ನು ಮೆಲ್ಲಗೆ ಹಾಕಿ, ಸರಿಯಾಗಿ ಬಿತ್ತೇ ಎಂದು ಒಮ್ಮೆ ಎಳೆದು ನೋಡಿದರು.

ಗುಜರಿಗೆ ಹೋಗುವ ಗಾಡಿ, ಅಪ್ಪಾ. ಆ ದಿನ ನೀನೂ ಟ್ಯಾಕ್ಸಿಯ ಬಾಗಿಲನ್ನು ಹೀಗೆಯೇ ಎಳೆದು ನೋಡಿದ್ದೆ.