ಉಂಗುರದ ಬೆರಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

ಕ್ಷೇಮವೇ ಎಂದು ಕೇಳಲು ಬಾಯಿ ಬರುತ್ತಿಲ್ಲ. ನೀನು ಕೊಟ್ಟು ಕಳಿಸಿದ ಚೀಟಿ ನಿನ್ನೆ ಸಂಜೆ ಸಿಕ್ಕಿತು. ನಾಲ್ಕೇ ಸಾಲು. ನಿನ್ನ ಮಗಳು, ನಮ್ಮ ಕಡ್ಡಿಯ ಬೆರಳು ಮುರಿದದ್ದು ನನ್ನ ಕ್ಲಾಸಿನಲ್ಲಿ, ಉಕುಲೇಲೆಯ ಪೆಟ್ಟಿಗೆಯ ಮುಚ್ಚಳ ಬಿದ್ದು ಎಂದು ಬರೆದು ಸಹಿ ಹಾಕಬೇಕು ಅಂತ ಕೇಳಿದ್ದೀಯ. ಕೊನೆಯ ಸಾಲು ಹೀಗಿದೆ: "ಅವತ್ತು ನಿನಗೋಸ್ಕರ ನಾನು ಹೇಳ್ದೆ, ಈ ಸಲ ನನಗೋಸ್ಕರ ನೀನು ಹೇಳು ಅಕ್ಕ." ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ನೀನು ಆ ದಿನದ ಸುದ್ದಿ ಎತ್ತಿರಲಿಲ್ಲ. ಮರೆತಿದ್ದೀಯ ಅಂದುಕೊಂಡು ನಾನು ನೆಮ್ಮದಿಯಾಗಿದ್ದೆ.

ಸಹಿ ಹಾಕಬೇಕಾದ ಕಾಗದ ಇಲ್ಲೇ ಮೇಜಿನ ಮೇಲಿದೆ. ಆಸ್ಪತ್ರೆಯಿಂದ ಬಂದ ಆ ಹೆಂಗಸು, ಮಕ್ಕಳ ರಕ್ಷಣೆಯ ಅಧಿಕಾರಿ, ಶನಿವಾರದ ಕ್ಲಾಸಿನ ನಡುವೆಯೇ ಬಂದಳು. ಇಸ್ತ್ರಿ ಅಂಗಡಿಯ ಮೇಲಿನ ನನ್ನ ಆ ಕೋಣೆಯಲ್ಲಿ ಮಕ್ಕಳ ಅಳತೆಯ ಕುರ್ಚಿಗಳಲ್ಲದೆ ಬೇರೆ ಇಲ್ಲ, ಪಾಪ, ಅದರಲ್ಲೇ ಮೊಣಕಾಲು ಎದೆಗೆ ಮುಟ್ಟುವಂತೆ ಕುಳಿತು ಪಾಠ ಮುಗಿಯುವವರೆಗೆ ಕಾದಳು. ಕಡ್ಡಿ ಇಲ್ಲದೆ ಎಂಟೇ ಮಕ್ಕಳಿದ್ದರು. ಒಬ್ಬ ಪುಟ್ಟ ಗಿಟಾರಿನಂಥ ಆ ಉಕುಲೇಲೆಯನ್ನು ತಲೆಕೆಳಗಾಗಿ ಹಿಡಿದಿದ್ದ, ಒಬ್ಬಳು ನಾನು ಅಂಟಿಸಿದ ಬಣ್ಣದ ಚುಕ್ಕಿಯನ್ನು ಕಿತ್ತು ಮೂಗಿಗೆ ಅಂಟಿಸಿಕೊಂಡಿದ್ದಳು. ಎಂಟು ಜನ ಒಟ್ಟಿಗೆ ಬಾರಿಸಿದರೆ ಅಡುಗೆಮನೆಯ ಕಪಾಟು ಮಗುಚಿ ಬಿದ್ದಂತೆ ಕೇಳಿಸುತ್ತದೆ. ಆಕೆಗೆ ನಗು ಬಂತು. ಆಮೇಲೆ ಮಕ್ಕಳೆಲ್ಲ ಹೋದ ಮೇಲೆ ಕಾಗದ ತೆಗೆದಳು. ತಾಯಿ ಒಂದು ಹೇಳ್ತಾರೆ, ಮಗು ಇನ್ನೊಂದು ಹೇಳುತ್ತೆ, ನೀವು ಏನು ಹೇಳ್ತೀರಿ ಅಂತ ಕೇಳಿದಳು. ಮಗು ಏನು ಹೇಳಿತು ಎಂದು ನಾನು ಕೇಳಬೇಕಾಗಿರಲಿಲ್ಲ.

ಮೂರು ವಾರದ ಹಿಂದಿನ ಶನಿವಾರದಿಂದ ಹೇಳುತ್ತೇನೆ. ಹೊಸ ಮಕ್ಕಳಿಗೆ ನಾನು ಮೊದಲು ಕಲಿಸುವುದು ಒಂದೇ ಬೆರಳಿನ ಪಾಠ. ಎಡಗೈಯ ಉಂಗುರದ ಬೆರಳನ್ನು ಕೆಳಗಿನ ತಂತಿಯ ಮೇಲೆ, ಕೆಂಪು ಚುಕ್ಕಿ ಇರುವಲ್ಲಿ ಒತ್ತಬೇಕು, ಬಲಗೈಯಲ್ಲಿ ಮೀಟಬೇಕು, ಅಷ್ಟೆ. ಕಡ್ಡಿಗೆ ಇದು ಎರಡನೇ ವಾರದಲ್ಲೇ ನೀರು ಕುಡಿದಷ್ಟು ಸಲೀಸಾಗಿತ್ತು. ಅವತ್ತು ಮಾತ್ರ ಉಂಗುರದ ಬೆರಳನ್ನು ಮಡಚಿಟ್ಟುಕೊಂಡು ನಡುಬೆರಳಿನಿಂದ ಒತ್ತುತ್ತಿದ್ದಳು. ಆ ಬೆರಳಲ್ಲ ಅಂದೆ. "ಅದು ನೋಯುತ್ತೆ, ಟೀಚರ್ ದೊಡ್ಡಮ್ಮ" ಅಂದಳು. ಕ್ಲಾಸಿನಲ್ಲಿ ಟೀಚರ್ ಅನ್ನಬೇಕು ಎಂದು ನೀನು ಹೇಳಿಕೊಟ್ಟಾಗಿನಿಂದ ಅವಳು ಎರಡನ್ನೂ ಸೇರಿಸಿಯೇ ಕರೆಯುವುದು.

ಬೆರಳು ನೋಯುತ್ತದೆ ಎನ್ನದ ಮಗುವೇ ನನ್ನ ಕ್ಲಾಸಿಗೆ ಬಂದಿಲ್ಲ. ಮೊದಲ ಎರಡು ತಿಂಗಳು ಎಲ್ಲರದೂ ಅದೇ ರಾಗ. ಎಳೆಯ ಚರ್ಮ, ತಂತಿ ಒತ್ತಿದಲ್ಲಿ ಗೆರೆ ಬೀಳುತ್ತದೆ. ಎಲ್ಲರಿಗೂ ನನ್ನದು ಒಂದೇ ಉತ್ತರ: "ನೋಯ್ತಿದೆ ಅಂದ್ರೆ ಬೆರಳು ಕಲೀತಿದೆ ಅಂತ ಅರ್ಥ." ಅವಳಿಗೂ ಅದನ್ನೇ ಹೇಳಿದೆ. ಹೇಳಿ ಸುಮ್ಮನಾಗಲಿಲ್ಲ. ಅವಳ ಉಂಗುರದ ಬೆರಳನ್ನು ನಾನೇ ಹಿಡಿದು, ಬಿಡಿಸಿ, ತಂತಿಯ ಮೇಲಿಟ್ಟು, ನನ್ನ ಹೆಬ್ಬೆರಳಿನಿಂದ ಮೇಲೆ ಒತ್ತಿದೆ. ಮುರಿದ ಬೆರಳು ಅದು. ಅವಳು ಅಳಲಿಲ್ಲ. ಉಸಿರನ್ನು ಒಳಗೆ ಎಳೆದುಕೊಂಡಳು, ನಾನು ಒತ್ತಿದ್ದಕ್ಕೆ ಸರಿಯಾಗಿ ಬಲಗೈಯಿಂದ ಮೀಟಿದಳು. ಸ್ವರ ಚೆನ್ನಾಗಿ ಬಂತು. ಶಾಭಾಸ್ ಅಂದೆ.

ಕೈ ಬಿಟ್ಟ ಮೇಲೆಯೇ ನನಗೆ ಊತ ಕಂಡದ್ದು. ಬುಡದಲ್ಲಿ ನೀಲಿಗಟ್ಟಿತ್ತು. ಏನಾಯಿತು ಎಂದು ಕೇಳಿದೆ. ಅವಳು ನನ್ನ ಮುಖ ನೋಡದೆ, ಬಾಯಿಪಾಠ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿದಳು: "ಗಾಳಿಗೆ ಬಾಗಿಲು ಹಾಕ್ಕೊಂಡ್ಬಿಡ್ತು, ತಪ್ಪು ನಂದೇ, ಸಂದೀಲಿ ಕೈ ಇಟ್ಟಿದ್ದೆ."

ಆ ಮಾತು ಇಪ್ಪತ್ತಾರು ವರ್ಷದ ಹಿಂದೆ ನಿನಗಾಗಿ ನಾನು ಕಟ್ಟಿದ್ದು, ತಂಗಿ. ಒಂದೊಂದು ಪದವನ್ನೂ ಯೋಚಿಸಿ ಕಟ್ಟಿದ್ದು. ಬರೀ ಬಾಗಿಲು ಅಂದರೆ ಯಾರು ಹಾಕಿದರು ಎಂದು ಕೇಳುತ್ತಾರೆ, ಅದಕ್ಕೆ ಗಾಳಿ. ತಪ್ಪು ನಂದೇ ಅಂದರೆ ದೊಡ್ಡವರಿಗೆ ಪಾಪ ಅನ್ನಿಸುತ್ತದೆ, ಮುಂದಿನ ಪ್ರಶ್ನೆ ಬರುವುದಿಲ್ಲ. ಹದಿಮೂರು ವರ್ಷದ ಹುಡುಗಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂತೋ. ಅಮ್ಮ ಕಾರ್ಖಾನೆಯಿಂದ ಬರುವುದಕ್ಕೆ ಇನ್ನೂ ಒಂದು ಗಂಟೆ ಇತ್ತು. ಆ ಒಂದು ಗಂಟೆ ನಿನ್ನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ತಣ್ಣೀರಿನ ಪಾತ್ರೆಯಲ್ಲಿ ನಿನ್ನ ಕೈ ಮುಳುಗಿಸಿಟ್ಟು, ಅದನ್ನೇ ಹೇಳಿಸಿದೆ. ತಡವರಿಸಿದಾಗಲೆಲ್ಲ ಮೊದಲಿನಿಂದ. ಆರು ವರ್ಷದವಳು ನೀನು, ಕಡ್ಡಿಯಷ್ಟೇ. ಅಮ್ಮ ಬಂದಾಗ ನೀನು ಒಂದಕ್ಷರ ತಪ್ಪದೆ ಒಪ್ಪಿಸಿದೆ. ಅಮ್ಮ ನಿನಗೇ ಎರಡು ಬೈದು, ಅರಿಶಿನ ಹಚ್ಚಿ ಮಲಗಿಸಿದಳು. ಬೆರಳು ಸೊಟ್ಟಗೆ ಕೂಡಿಕೊಂಡಿತು, ಇವತ್ತಿಗೂ ನಿನಗದು ಮಡಚಲು ಬರುವುದಿಲ್ಲ.

ನಡೆದದ್ದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಏಕೆಂದರೆ ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಪಕ್ಕದ ಮನೆಯವರು ಬಿಟ್ಟುಹೋದ ಆ ಹಳೆಯ ಉಕುಲೇಲೆಯನ್ನು ನಾನು ಒಂದೇ ತಿಂಗಳಲ್ಲಿ ಕಲಿತೆ, ನಿನಗೂ ಕಲಿಸಿಯೇ ತೀರುತ್ತೇನೆ ಅಂತ ಹಟ ಹಿಡಿದೆ. ನಿನಗೆ ಬರಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ದೊಡ್ಡವರ ಮಾತನ್ನು ಕದ್ದು ಆಡುತ್ತ ಮೊದಲು ಸ್ಕೇಲಿನಿಂದ ಗೆಣ್ಣಿಗೆ ಹೊಡೆದೆ. ಮೊದ್ದು ಎಂದು ಹೆಸರಿಟ್ಟೆ. ಕೊನೆಗೆ ಒಂದು ದಿನ ನಿನ್ನ ಕೈಯನ್ನು ಚಮಚದ ಡ್ರಾಯರಿನ ಅಂಚಿಗೆ ಇರಿಸಿ, ಇನ್ನೊಂದು ಸಲ ತಪ್ಪಿದರೆ ನೋಡು ಅಂದೆ. ನೀನು ತಪ್ಪಿದೆ. ಸಿಟ್ಟಿನಲ್ಲಿ ಡ್ರಾಯರನ್ನು ತಳ್ಳಿಬಿಟ್ಟೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಗಿಹೋಯಿತು.

ಇಂಥವಳು ಇವತ್ತು ಮಕ್ಕಳ ಅಚ್ಚುಮೆಚ್ಚಿನ ಟೀಚರ್. ಒಂದು ಗದರು ಮಾತಿಲ್ಲ, ಪ್ರತಿ ಮಗುವಿಗೂ ಪಾಠದ ಕೊನೆಗೆ ಕೈ ಮೇಲೆ ಒಂದು ನಕ್ಷತ್ರದ ಚೀಟಿ. ತಾಯಂದಿರು ಒಬ್ಬರಿಗೊಬ್ಬರು ಹೇಳಿ ಸೇರಿಸುತ್ತಾರೆ. ನೀನು ಕಡ್ಡಿಯನ್ನು ಸೇರಿಸಲು ಕರೆತಂದ ದಿನ ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ತಂಗಿ ನನ್ನನ್ನು ಕ್ಷಮಿಸಿದ್ದಾಳೆ, ಇಲ್ಲದಿದ್ದರೆ ಮಗಳ ಕೈಯನ್ನು ನನ್ನ ಕೈಗೆ ಕೊಡುತ್ತಿದ್ದಳೇ ಅಂದುಕೊಂಡೆ. ಅದಕ್ಕೇ, ಮುಂದಿನ ತಿಂಗಳ ಮಕ್ಕಳ ಪ್ರದರ್ಶನಕ್ಕೆ ಮೊದಲ ಸಾಲನ್ನು ಒಬ್ಬಳೇ ನುಡಿಸಲಿ ಅಂತ ಅವಳನ್ನೇ ಆರಿಸಿದೆ. ನಿನಗೆ ಉಡುಗೊರೆ ಕೊಡುತ್ತಿದ್ದೇನೆ ಅನ್ನಿಸಿತ್ತು.

ಆ ಮೇಲೆ ಕಡ್ಡಿಯ ಅಭ್ಯಾಸದ ಕಾರ್ಡನ್ನು ಸರಿಯಾಗಿ ನೋಡಬೇಕಿತ್ತು ನಾನು. ದಿನಕ್ಕೆ ಹತ್ತು ನಿಮಿಷ ನುಡಿಸಿದರೆ ಮನೆಯವರು ಒಂದು ಸಹಿ ಹಾಕಿ ಕಳಿಸಬೇಕು. ಉಳಿದ ಎಂಟು ಮಕ್ಕಳ ಕಾರ್ಡುಗಳಲ್ಲಿ ವಾರಕ್ಕೆ ಎರಡು ಸಹಿ ಇದ್ದರೆ ಹೆಚ್ಚು, ಒಂದರ ಮೇಲೆ ಚಹಾದ ಕಲೆ, ಒಂದನ್ನು ನಾಯಿ ಕಡಿದಿತ್ತು. ಕಡ್ಡಿಯದರಲ್ಲಿ ಒಂದು ದಿನವೂ ಖಾಲಿ ಇಲ್ಲ. ಹತ್ತು ನಿಮಿಷ ಇದ್ದದ್ದು ಇಪ್ಪತ್ತಾಗಿತ್ತು, ಆಮೇಲೆ ನಲವತ್ತು, ಒಂದು ಭಾನುವಾರ ಎರಡು ಗಂಟೆ. ಪ್ರತಿ ಸಲವೂ ನಿನ್ನ ಆ ಓರೆ ಸಹಿ, ಮಡಚದ ಬೆರಳಿನ ಕೈಯಿಂದ ಹಾಕಿದ್ದು. ನಾನು ಅದನ್ನು ಬೇರೆ ತಾಯಂದಿರಿಗೆ ಎತ್ತಿ ತೋರಿಸಿ, ನೋಡಿ, ಹೀಗಿರಬೇಕು ಎಂದೆ.

ಅವತ್ತು ಬಾಗಿಲಿನ ಮಾತು ಕೇಳಿದ ಮೇಲೆ ನಾನು ಏನು ಮಾಡಿದೆ ಎಂದು ಆ ಅಧಿಕಾರಿ ಕೇಳಿದಳು. ಏನೂ ಮಾಡಲಿಲ್ಲ. ಎಲ್ಲರಂತೆ ಅವಳ ಕೈ ಮೇಲೂ ನಕ್ಷತ್ರ ಅಂಟಿಸಿ ಮನೆಗೆ ಕಳಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಈ ಸುದ್ದಿ ಎತ್ತಿದರೆ ಮೊದಲು ನನ್ನ ಹೆಗಲು ಕಾಣುತ್ತದೆ ಎಂದು ಹೆದರಿದೆ. ಮೂರು ದಿನ ಒದ್ದಾಡಿ ಮಂಗಳವಾರ ನಿನ್ನ ಮನೆಗೆ ಬಂದೆನಲ್ಲ, ಹೇಳಲೆಂದೇ ಬಂದದ್ದು. ನೀನು ಯಾರದೋ ಕಿಟಕಿಯ ಪರದೆ ಹೊಲಿಯುತ್ತಿದ್ದೆ, ಮೆಷಿನ್ ನಿಲ್ಲಿಸಿ ಚಹಾ ಮಾಡಿದೆ. ನಾನು ಪರದೆಯ ಬಟ್ಟೆ ಮುಟ್ಟಿ ನೋಡಿ ಚೆನ್ನಾಗಿದೆ ಅಂದೆ. ಮಗುವಿನ ಅಪ್ಪನಿಂದ ಏನಾದರೂ ಸುದ್ದಿ ಬಂತೇ ಅಂದೆ, ಇಲ್ಲ ಅಂದೆ ನೀನು. ಆಮೇಲೆ ನೀನು ಒಳಗಿನಿಂದ ಅವಳನ್ನು ಕರೆದು, "ದೊಡ್ಡಮ್ಮಂಗೆ ನುಡಿಸಿ ತೋರ್ಸೇ ಮೊದ್ದು" ಎಂದೆ. ನಾನಿಟ್ಟ ಹೆಸರು. ಅವಳು ಊದಿದ ಬೆರಳಿನಲ್ಲೇ ನಾಲ್ಕೂ ಸಾಲು ನುಡಿಸಿದಳು, ಎಲ್ಲೂ ತಪ್ಪಲಿಲ್ಲ. ನಾನು ಚಪ್ಪಾಳೆ ತಟ್ಟಿದೆ. ನೀನು ನನ್ನನ್ನು ನೋಡುತ್ತಿದ್ದೆ, ನಾನೇನಾದರೂ ಹೇಳುತ್ತೇನೋ ಎಂದು ಕಾಯುತ್ತಿದ್ದೆ, ಅದು ನನಗೆ ಗೊತ್ತಾಯಿತು. ಚಹಾ ಲೋಟ ತೊಳೆದಿಟ್ಟು ಹೊರಟು ಬಂದೆ.

ಈ ಗುರುವಾರ ಮತ್ತೆ ಆಯಿತು, ಅದೇ ಬೆರಳು. ಈ ಸಲ ಚರ್ಮ ಹರಿದು ಮೂಳೆ ಕಂಡದ್ದಕ್ಕೆ ನೀನು ಹೆದರಿ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆ. ಎಕ್ಸ್‌ರೇ ತೆಗೆದರೆ ಒಂದು ಮುರಿತ ಹೊಸದು, ಒಂದು ಮೂರು ವಾರ ಹಳೆಯದು. ಮನೆಯಲ್ಲಾಯಿತು ಎಂದರೆ ಎರಡು ಸಲ ಹೇಗೆ ಎಂದು ಕೇಳುತ್ತಾರೆ, ಅದಕ್ಕೆ ಹಳೆಯದನ್ನು ಹೊರಿಸಲು ನನ್ನ ಕ್ಲಾಸಿನ ಪೆಟ್ಟಿಗೆ ನೆನಪಾಯಿತು ನಿನಗೆ. ಆದರೆ ಮಗುವಿಗೆ ಹೊಸ ಸುಳ್ಳು ಕಲಿಸುವಷ್ಟು ಸಮಯ ಇರಲಿಲ್ಲ. ಅದು ತನಗೆ ಬರುವ ಒಂದೇ ವಾಕ್ಯವನ್ನು ಡಾಕ್ಟರಿಗೂ ನರ್ಸಿಗೂ ಅಧಿಕಾರಿಗೂ ಹೇಳುತ್ತ ಮಲಗಿದೆ.

ಹಳೆಯ ಮುರಿತ ನಿನ್ನದು. ಹೊಸದರಲ್ಲಿ ನನ್ನ ಪಾಲೂ ಇದೆ. ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತವಳು ನಾನು. ಉಂಗುರದ ಬೆರಳಿನಲ್ಲಿ ಇನ್ನು ಮೇಲೆ ತಂತಿ ಒತ್ತಲು ಬಹುಶಃ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದರಂತೆ.

ನೀನು ಕೇಳಿದ್ದನ್ನು ನಾನು ಬರೆಯುವುದಿಲ್ಲ, ತಂಗಿ. ಕೈಮುಗಿದು ಹೇಳುತ್ತೇನೆ, ಅದೊಂದು ಕೇಳಬೇಡ. ಕಾಗದದ ಮೇಲೆ ಆಗಲೇ ಬರೆದಾಗಿದೆ. ಕ್ಲಾಸಿನಲ್ಲಿ ಏನೂ ಆಗಿಲ್ಲ, ಮಗು ಹೇಳುತ್ತಿರುವ ಮಾತು ಅದರದ್ದಲ್ಲ, ಅದರ ತಾಯಿಗೆ ಆರನೇ ವಯಸ್ಸಿನಲ್ಲಿ ಬಾಯಿಪಾಠ ಮಾಡಿಸಿದ್ದು, ಮಾಡಿಸಿದವಳು ನಾನು ಎಂದು. ಸ್ಕೇಲು, ಡ್ರಾಯರು, ತಣ್ಣೀರಿನ ಪಾತ್ರೆ ಎಲ್ಲವನ್ನೂ ಬರೆದಿದ್ದೇನೆ. ನಾಳೆ ಬೆಳಿಗ್ಗೆ ಆ ಅಧಿಕಾರಿಗೆ ಕೊಡುತ್ತೇನೆ. ಇದಾದ ಮೇಲೆ ಯಾವ ತಾಯಿಯೂ ಇಸ್ತ್ರಿ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ. ಇವತ್ತು ಬೆಳಿಗ್ಗೆ ಒಂಬತ್ತು ಉಕುಲೇಲೆಗಳ ತಂತಿ ಸಡಿಲಿಸಿ ಪೆಟ್ಟಿಗೆಗಳಲ್ಲಿ ಇಟ್ಟು ಬಂದೆ.

ನಾಡಿದ್ದು ಮಂಗಳವಾರ ವಿಚಾರಣೆಗೆ ನಿನ್ನನ್ನು ಕರೆಸುತ್ತಾರೆ. ಅವರಿಗಿಂತ ಮೊದಲು ನೀನೇ ಹೇಳಿಬಿಡು. ನನ್ನ ಮೇಲೆ ಹಾಕುವುದಿದ್ದರೆ ಹಾಕು, ನಾನು ಅಲ್ಲಗಳೆಯುವುದಿಲ್ಲ, ಆದರೆ ಡ್ರಾಯರ್ ತಳ್ಳಿದ ಕೈ ಈ ಸಲ ಯಾರದ್ದು ಎಂದು ನಿನ್ನ ಬಾಯಿಂದಲೇ ಬರಲಿ. ಕಡ್ಡಿಯನ್ನು ಸದ್ಯಕ್ಕೆ ನಿನ್ನ ಬಳಿ ಬಿಡಬೇಡಿ ಎಂದು ನಾನೇ ಕೇಳಿಕೊಂಡಿದ್ದೇನೆ. ಹಾಗಿದ್ದರೆ ನೀವು ಇಟ್ಟುಕೊಳ್ತೀರಾ, ದೊಡ್ಡಮ್ಮ ಅಲ್ವಾ ಎಂದು ಆ ಅಧಿಕಾರಿ ಕೇಳಿದಳು. ಬೇಡ, ನನ್ನ ಬಳಿಯೂ ಬೇಡ ಅಂದೆ. ಆ ಮಗುವನ್ನು ನಾನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ. ನಿನ್ನನ್ನೂ ಹಾಗೇ ಪ್ರೀತಿಸಿದ್ದೆ, ಅದಕ್ಕೇ ಹೆದರಿಕೆ.

ನೀನು ಒಳಗೆ ಮಾತಾಡುವಷ್ಟು ಹೊತ್ತೂ ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತೇನೆ. ಮುಖ ನೋಡಬೇಕು ಅನ್ನಿಸದಿದ್ದರೆ ನೋಡದೆ ಹೋಗು.

ಇಂತಿ,
ನಿನ್ನ ಪಾಲಿಗೆ ಅಕ್ಕನಾಗಿ ಹುಟ್ಟಿದವಳು

ಮರೆತದ್ದಲ್ಲ, ಬರೆಯಲಾಗದೆ ಉಳಿಸಿಕೊಂಡದ್ದು: ಬಾಗಿಲಿನ ಮಾತಿಗಿಂತ ಮೊದಲೇ ನನಗೆ ಗೊತ್ತಾಗಿತ್ತು. ಅವತ್ತು ಕಡ್ಡಿ ಬಂದ ತಕ್ಷಣ ಹಿಂದಿನ ವಾರದ ನಕ್ಷತ್ರ ಬಾಕಿ ಇದೆ ಅಂದಳು. ಕೊಡುತ್ತೇನೆ, ಕೈ ಇಡು ಅಂದೆ. ಬೇರೆ ಮಕ್ಕಳು ಕುಣಿಯುತ್ತ ಕೈ ಚಾಚುತ್ತಾರೆ. ಅವಳು ಬಲಗೈಯನ್ನು ಮೇಜಿನ ಅಂಚಿನಲ್ಲಿ ಚಪ್ಪಟೆಯಾಗಿ ಇಟ್ಟು, ಮುಖ ಆಚೆ ತಿರುಗಿಸಿ, ಕಣ್ಣು ಮುಚ್ಚಿ ಕಾದಳು. ನಾನು ಡ್ರಾಯರ್ ತಳ್ಳಿದ್ದು ಒಂದು ಸಲ ಅಲ್ಲ, ತಂಗಿ. ನಿನಗೆ ನೆನಪಿರಬೇಕು. ಮೊದಲ ಸಲ ನೀನು ಕಿರುಚಿದೆ, ನಾನು ಎಳೆದು ತೆರೆದೆ. ಕೈ ತೆಗೆದುಕೊಳ್ಳಲು ಬೇಕಾದಷ್ಟು ಹೊತ್ತಿತ್ತು. "ತೆಗೀಬೇಡ" ಅಂದೆ. ನೀನು ತೆಗೆಯಲಿಲ್ಲ, ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿಕೊಂಡೆ. ಎರಡನೇ ಸಲ ತಳ್ಳುವಾಗ ನನಗೆ ಸಿಟ್ಟು ಇರಲೇ ಇಲ್ಲ. ಇದನ್ನೂ ಆ ಕಾಗದದಲ್ಲಿ ಬರೆದಿದ್ದೇನೆ.