ಮಗುವಿಗೆ ತಕ್ಕ ಬಡಾವಣೆ

ಆಗಸ್ಟ್ 12, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ, ಹಿಂದಿನಿಂದ ನಿನ್ನ ಇಬ್ಬರು ಗಂಡುಮಕ್ಕಳ ಗಲಾಟೆ ಬೇರೆ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ಇಲ್ಲ ಅಕ್ಕ, ಮನೆ ಇನ್ನೂ ಸಿಕ್ಕಿಲ್ಲ. ಮಗಳು ಕಡ್ಡಿಯನ್ನು ನಿನ್ನ ಹತ್ತಿರ ಬಿಟ್ಟು ಬಂದಾಗ “ಆರು ತಿಂಗಳು, ಅಷ್ಟೇ” ಅಂದಿದ್ದೆ. ಅವಳ ಅಮ್ಮ ತೀರಿಕೊಂಡು ಆಗ ಇಪ್ಪತ್ತು ದಿನವಾಗಿತ್ತು. ಅವಳಿಗೆ ನಾಲ್ಕು ವರ್ಷ, ನನಗೆ ತಿಂಗಳಲ್ಲಿ ಹದಿನೈದು ದಿನ ಊರೂರು ಅಲೆಯುವ ಕೆಲಸ, ಒಂದೇ ಕೋಣೆಯ ಬಾಡಿಗೆ ಮನೆ. ಈಗ ಅವಳಿಗೆ ಆರು ತುಂಬಿದೆ. ಮಕ್ಕಳು ಬೆಳೆಯುವುದಕ್ಕೆ ತಕ್ಕ ಒಂದು ಬಡಾವಣೆ ಹುಡುಕಬೇಕು, ಅಲ್ಲೊಂದು ಮನೆ ಕೊಳ್ಳಬೇಕು, ನನ್ನ ಮಗಳನ್ನು ಕರೆತರಬೇಕು. ಇದನ್ನು ಬಿಟ್ಟು ನನ್ನ ತಲೆಯಲ್ಲಿ ಬೇರೇನೂ ಇಲ್ಲ.

ಈ ತಿಂಗಳು ಮೂರು ಬಡಾವಣೆ ನೋಡಿದೆ. ಮೊದಲನೆಯದರ ಹೆಬ್ಬಾಗಿಲಲ್ಲೇ ‘ಕುಟುಂಬಗಳ ಸ್ವರ್ಗ’ ಎಂದು ಬರೆದಿತ್ತು. ಒಳಗೆ ಕಾಲಿಟ್ಟರೆ ಬೇಲಿಯಿಲ್ಲದ ಕೊಳ. “ಅಯ್ಯೋ ಸಾರ್, ಅದು ಬರೀ ಚೆಂದಕ್ಕೆ. ಮೊಣಕಾಲುದ್ದ ನೀರು ಅಷ್ಟೇ” ಅಂದ, ಮನೆ ತೋರಿಸುವವನು. “ಯಾರ ಮೊಣಕಾಲು? ನಿಮ್ಮದೋ, ಮೂರು ವರ್ಷದ ಮಗುವಿಂದೋ?” ಅಂದೆ. ಅವನು ಕೀಲಿ ಗೊಂಚಲು ಜೇಬಿಗಿಳಿಸಿ ಹೆಬ್ಬಾಗಿಲ ಕಡೆ ನಡೆದ.

ಎರಡನೆಯದರಲ್ಲಿ ಎಲ್ಲ ಚೆನ್ನಾಗಿತ್ತು, ಆದರೆ ನಡುವಿನ ರಸ್ತೆ ಅಗಲ, ಉದ್ದಕ್ಕೂ ನೇರ. ಅಂಥ ರಸ್ತೆ ಕಂಡರೆ ಎಂಥ ಸಾಧು ಮನುಷ್ಯನಿಗೂ ಕಾರು ಓಡಿಸುವ ಹುಮ್ಮಸ್ಸು ಬರುತ್ತದೆ. ಮೂರನೆಯದರಲ್ಲಿ ಮೆಟ್ಟಿಲಿನ ಕಂಬಿ ಕೈಕೊಟ್ಟಿತು. ಪಾರ್ಕುಗಳ ಉಯ್ಯಾಲೆ, ಜಾರುಬಂಡೆ ತಪಾಸಣೆ ಮಾಡಿ ಪಾಸು ಫೇಲು ಬರೆಯುವವನ ಕಣ್ಣು ರಜೆಯ ದಿನವೂ ಸುಮ್ಮನಿರುವುದಿಲ್ಲವಲ್ಲ. ನನ್ನ ಚೀಲದಲ್ಲಿ ಎರಡು ಮರದ ಅಚ್ಚುಗಳಿರುತ್ತವೆ, ನಿನ್ನ ಸಣ್ಣವನು ಹೋದ ಸಲ ಚೆಂಡೆಂದು ಒದ್ದನಲ್ಲ, ಅವೇ. ಒಂದು ಮಗುವಿನ ಮೈಯ ಅಳತೆ, ಇನ್ನೊಂದು ತಲೆಯ ಅಳತೆ. ಎರಡು ಸರಳುಗಳ ನಡುವೆ ಮೈಯ ಅಚ್ಚು ತೂರಿ, ತಲೆಯದು ತೂರದಿದ್ದರೆ ಮಗು ಅಲ್ಲಿ ಕುತ್ತಿಗೆ ಸಿಕ್ಕಿ ನೇತಾಡುತ್ತದೆ ಎಂದರ್ಥ. ಅಲ್ಲಿ ಹಾಗೇ ಆಯಿತು. ಅಲ್ಲಿಂದ ಕಾಲು ಕಿತ್ತೆ.

“ನೀನು ಮನೆ ನೋಡ್ತಿದ್ದೀಯೋ, ಎಲ್ಲರ ಮೇಲೆ ಕೇಸು ಹಾಕ್ತಿದ್ದೀಯೋ?” ಎಂದು ನೀನು ಕೇಳಿದ್ದೆ. ಭಾವನವರೂ ಅದಕ್ಕೆ ನಕ್ಕಿರಬೇಕು. ನಗಲಿ. ಅವಳ ಅಮ್ಮನಿಗೆ ಬಂದ ಕಾಯಿಲೆಯನ್ನು ಮೊದಲೇ ಹಿಡಿಯುವ ಯಾವ ಸಾಧನವೂ ನನ್ನ ಚೀಲದಲ್ಲಿರಲಿಲ್ಲ. ಅಳೆಯಬಹುದಾದದ್ದನ್ನಾದರೂ ಅಳೆಯುತ್ತೇನೆ ಅಕ್ಕ, ಬಿಡು.

ಮೊನ್ನೆ ಫೋನಿನಲ್ಲಿ ಕಡ್ಡಿ “ನಮ್ಮ ಮನೆ ಸಿಕ್ತಾ? ಕೆಂಪು ಬಾಗಿಲು ಇರ್ಬೇಕು” ಅಂದಳು. ಬಾಗಿಲಿಗೆ ಬಣ್ಣ ಹೊಡೆಯುವುದೇನು ದೊಡ್ಡ ಕೆಲಸ! ಇನ್ನು ಸ್ವಲ್ಪ ದಿನ ಹೊಟ್ಟೆಗೆ ಹಾಕಿಕೋ.

ನಿನ್ನ ತಮ್ಮ

·

ನವೆಂಬರ್ 22, ಶನಿವಾರ

ಪ್ರೀತಿಯ ಅಕ್ಕನಿಗೆ,

ಸಿಕ್ಕಿತು! ಕುಶಲ ವಿಚಾರಿಸುವುದೆಲ್ಲ ಆಮೇಲೆ, ಮೊದಲು ಇದನ್ನು ಕೇಳು. ಮನೆ ಸಿಕ್ಕಿತು.

ಇದು ಎಷ್ಟನೆಯ ಬಡಾವಣೆ ಎಂದು ಮಾತ್ರ ಕೇಳಬೇಡ. ಹಿಂದೆ ಮೂರು ಬಡಾವಣೆಯ ಕಥೆ ಬರೆದು ನಿನ್ನ ತಲೆ ತಿಂದೆನಲ್ಲ, ಅದಾಗಿ ಎರಡು ವರ್ಷದ ಮೇಲಾಯಿತು. ಕಡ್ಡಿಗೆ ಎಂಟಾಯಿತು, ನನಗೆ ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕಾಗಿದೆ.

ನಲವತ್ತೇ ಮನೆಗಳು. ಬೀದಿ ಒಂದು ತುದಿಯಲ್ಲಿ ಮುಗಿದುಹೋಗುತ್ತದೆ, ಹಾಗಾಗಿ ಹೊರಗಿನ ವಾಹನಕ್ಕೆ ಒಳಗೆ ಕೆಲಸವೇ ಇಲ್ಲ. ಶಾಲೆಗೆ ಹಿಂದಿನಿಂದ ಕಾಲುದಾರಿ, ಒಂದು ರಸ್ತೆಯನ್ನೂ ದಾಟಬೇಕಿಲ್ಲ. ಆಟದ ಜಾಗ ಸರಿಯಾಗಿ ನಡುವೆ, ಹನ್ನೊಂದು ಮನೆಗಳ ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ. ಉಯ್ಯಾಲೆಯ ಕೆಳಗೆ ದಪ್ಪ ರಬ್ಬರು ಹಾಸು, ಸಣ್ಣವರದು ಬೇರೆ, ದೊಡ್ಡವರದು ಬೇರೆ. ಕಂಬಿಗಳಿಗೆಲ್ಲ ನನ್ನ ಅಚ್ಚು ಹಿಡಿದು ನೋಡಿದೆ, ಒಂದೂ ತಪ್ಪಿಲ್ಲ.

ಆದರೂ ನನ್ನ ಬುದ್ಧಿ ನಿನಗೆ ಗೊತ್ತು. ಮೂರು ಶನಿವಾರ ಹೋಗಿ ಅಲ್ಲಿನ ಬೆಂಚಿನ ಮೇಲೆ ಕೂತು ನೋಡಿದೆ. ಮಕ್ಕಳು ಬಿದ್ದರೆ ಯಾರು ಎತ್ತುತ್ತಾರೆ, ಜಗಳವಾದರೆ ಯಾರು ಬಿಡಿಸುತ್ತಾರೆ. ಮೂರನೆಯ ಶನಿವಾರ ಇಬ್ಬರು ತಾಯಂದಿರು ಕಾವಲುಗಾರನನ್ನು ಕರೆದುಕೊಂಡು ನೇರ ನನ್ನ ಹತ್ತಿರ ಬಂದರು.

“ಇದರಲ್ಲಿ ನಿಮ್ಮ ಮಗು ಯಾವುದು?” ಅಂದ ಕಾವಲುಗಾರ.

“ಇನ್ನೂ ಬಂದಿಲ್ಲ” ಅಂದೆ.

“ಯಾವಾಗ ಬರುತ್ತೆ?”

“ನೀವು ಪಾಸಾದ ಮೇಲೆ.”

ಈ ಉತ್ತರ ಅವರಿಗೆ ಹಿಡಿಸಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ನನ್ನ ಟೇಪು, ಅಚ್ಚು ಎಲ್ಲ ಕಿತ್ತುಕೊಂಡು ಬಡಾವಣೆಯ ಸಂಘದ ಕಚೇರಿಗೆ ಮೆರವಣಿಗೆ ಮಾಡಿದರು. ಸಂಘದ ಅಧ್ಯಕ್ಷೆ ನಿವೃತ್ತ ನರ್ಸ್. ನನ್ನ ಗುರುತಿನ ಚೀಟಿ ನೋಡಿ, ಕಥೆಯೆಲ್ಲ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡರು. “ಮನೆ ನೋಡೋಕೆ ಎಷ್ಟೋ ಜನ ಬಂದ್ರು. ಎಲ್ಲರೂ ಕಾರು ಎಲ್ಲಿ ನಿಲ್ಲಿಸೋದು ಅಂತ ಕೇಳಿದ್ರು. ಮಕ್ಕಳು ಎಲ್ಲಿ ಬೀಳ್ತಾರೆ ಅಂತ ಕೇಳಿದೋರು ನೀವೇ ಮೊದಲು” ಅಂದರು.

ಗೊತ್ತಿಲ್ಲದ ಗಂಡಸು ಮಕ್ಕಳನ್ನು ನೋಡುತ್ತಾ ಕೂತರೆ ಎದ್ದು ಬಂದು ಕೊರಳಪಟ್ಟಿ ಹಿಡಿಯುವ ಜನ! ಇನ್ನೇನು ಬೇಕು ಅಕ್ಕ? ಅಲ್ಲೇ ಪಾಸು ಬರೆದುಬಿಟ್ಟೆ. ನಮ್ಮ ಕಚೇರಿಯಲ್ಲಿ ಕಾಡಿ ಬೇಡಿ ಊರೊಳಗಿನ ಕೆಲಸವನ್ನೇ ಹಾಕಿಸಿಕೊಂಡೆ. ಕಾಗದಪತ್ರ ಮುಗಿದು ಕೀಲಿ ಕೈಗೆ ಬಂದ ಕೂಡಲೇ, ಬೇಸಿಗೆ ರಜೆಗೆ ಕಡ್ಡಿಯನ್ನು ಕರೆತಂದು ತೋರಿಸುತ್ತೇನೆ. ಜೂನಿನಿಂದ ಇಲ್ಲೇ ಶಾಲೆ.

ನೀನೂ ಭಾವನವರೂ ಇಷ್ಟು ವರ್ಷ ಮಾಡಿದ್ದನ್ನು ಹೊಗಳಿ ಬರೆಯಲು ನನಗೆ ಬರುವುದಿಲ್ಲ. ಬರೆದರೆ ನೀನು ಬೈಯುತ್ತೀಯ.

ನಿನ್ನ ತಮ್ಮ

·

ಮೇ 30, ಭಾನುವಾರ

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ. ಭಾವನವರಿಗೂ ತಿಳಿಸು.

ಕಡ್ಡಿಯನ್ನು ನಿಮ್ಮಲ್ಲಿಗೆ ವಾಪಸು ಬಿಟ್ಟು ಹನ್ನೆರಡು ದಿನವಾಯಿತು. ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಿಂದಲೇ ಹಿಂದಿರುಗಿದೆ, ಒಂದು ಲೋಟ ನೀರೂ ಕುಡಿಯದೆ ಹೋದ ಎಂದು ನೀನು ನೊಂದುಕೊಂಡಿರುತ್ತೀಯ. ಆಮೇಲೆ ನೀನು ಫೋನ್ ಮಾಡಿದಾಗಲೂ ಎತ್ತಲಿಲ್ಲ. ಕ್ಷಮಿಸು. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ.

ಭಾವನವರಿಗೆ ವರ್ಗವಾದ ಸುದ್ದಿ ಓದಿದೆ. ರೈಲಿನಲ್ಲಿ ಎರಡು ದಿನದ ದಾರಿಯಂತೆ, ಇನ್ನು ತಿಂಗಳಿಗೊಮ್ಮೆ ಬಂದು ಹೋಗುವ ಮಾತೇ ಇಲ್ಲ. “ಜೂನ್ ಹದಿನೈದಕ್ಕೆ ಸಾಮಾನು ಕಟ್ತೀವಿ. ಅಷ್ಟರೊಳಗೆ ಬಂದು ನಿನ್ನ ಮಗಳನ್ನ ಕರ್ಕೊಂಡು ಹೋಗು. ಇನ್ನೂ ಮೀನಮೇಷ ಎಣಿಸಬೇಡ” ಎಂದು ಬರೆದಿದ್ದೀಯ.

ಅಕ್ಕ, ಅವಳನ್ನು ನಿಮ್ಮ ಜೊತೆಯಲ್ಲೇ ಕರೆದುಕೊಂಡು ಹೋಗಿ.

ಓದಿ ಗಾಬರಿಯಾಗಬೇಡ, ಕಾರಣಗಳಿವೆ. ಅವಳ ಕೋಣೆಯ ಹಿಂದಿನ ಗೋಡೆಗೆ ತೇವ ಬಂದಿದೆ. ಶಾಲೆಯಲ್ಲಿ ಅವಳ ತರಗತಿಗೆ ಈ ವರ್ಷ ಜಾಗವಿಲ್ಲವಂತೆ. ಕಚೇರಿಯವರು ಮತ್ತೆ ನನಗೆ ಹೊರ ಊರಿನ ತಿರುಗಾಟ ಹಚ್ಚುವ ಹಾಗೆ ಕಾಣುತ್ತಿದೆ. ಹೀಗಿರುವಾಗ ಮಗುವನ್ನು ತಂದಿಟ್ಟುಕೊಂಡು ಏನು ಮಾಡಲಿ?

ಇಲ್ಲಿದ್ದ ನಾಲ್ಕು ದಿನವೂ ಅವಳು ಬಹಳ ಒಳ್ಳೆಯ ಹುಡುಗಿಯಾಗಿದ್ದಳು. ತಟ್ಟೆ ಎತ್ತಿಡು ಅಂತ ಮೂರು ಸಲ ಕೂಗಿದರೂ ಏಳುವುದಿಲ್ಲ ಎಂದು ನೀನೇ ದೂರಿದ್ದೆ. ಇಲ್ಲಿ ಹೇಳುವ ಮೊದಲೇ ತೊಳೆದಿಟ್ಟಳು. ಫ್ರಿಜ್ಜಿನ ಬಾಗಿಲು ತೆಗೆಯುವುದಕ್ಕೂ ಕೇಳಿದಳು. ಸ್ನಾನದ ಮನೆಯಲ್ಲಿ ನನ್ನ ಬ್ರಷ್ಷಿನ ಪಕ್ಕ ಅವಳದಕ್ಕೆಂದು ಒಂದು ಹೊಸ ಲೋಟ ಇಟ್ಟಿದ್ದೆ. ದಿನಾ ಬೆಳಿಗ್ಗೆ ಹಲ್ಲುಜ್ಜಿ, ಬ್ರಷ್ಷನ್ನು ಒರೆಸಿ, ಮತ್ತೆ ತನ್ನ ಚೀಲಕ್ಕೇ ಹಾಕಿಕೊಂಡಳು. ನನಗೀಗ ‘ನೀವು’ ಎನ್ನುತ್ತಾಳೆ. ನೀನು ಕಲಿಸಿದ್ದಲ್ಲ, ನನಗೆ ಗೊತ್ತು. ತಿಂಗಳಿಗೊಮ್ಮೆ ಬಂದು ಕುರ್ಚಿಯ ತುದಿಯಲ್ಲಿ ಕೂತು ಹೋಗುವವನನ್ನು ಮಕ್ಕಳು ಇನ್ನು ಹೇಗೆ ಮಾತಾಡಿಸಿಯಾರು!

ಮೊದಲ ದಿನವೇ ಸಡಗರದಿಂದ ಆಟದ ಜಾಗಕ್ಕೆ ಕರೆದುಕೊಂಡು ಹೋದೆ. ನಾನು ಅಷ್ಟೆಲ್ಲ ಪರೀಕ್ಷೆ ಮಾಡಿದ್ದ ಉಯ್ಯಾಲೆಯ ಮೇಲೆ, ನಾನು ಹೇಳಿದೆನೆಂದು, ಕೂತಳು. ಮಂಡಿ ಎದೆಗೆ ಬಂತು. ಅದು ಸಣ್ಣವರದು, ಆರು ವರ್ಷದೊಳಗಿನವರಿಗೆ ಎಂದು ಬೋರ್ಡಿನಲ್ಲೇ ಇದೆ, ಅದನ್ನು ಎಷ್ಟು ಸಲ ಓದಿ ಗುರುತು ಹಾಕಿದ್ದೆನೋ. ಮನೆಗೆ ಬಂದು ಮೆಟ್ಟಿಲಿನ ಕಂಬಿ ತೋರಿಸಿ, “ನೋಡು, ಇಲ್ಲಿ ತಲೆ ಸಿಕ್ಕಿಹಾಕ್ಕೊಳೋದೇ ಇಲ್ಲ” ಅಂದೆ. ಅವಳು ಸರಳುಗಳನ್ನು ನೋಡಿದಳು, ನನ್ನನ್ನು ನೋಡಿದಳು. “ಇಲ್ಲಿ ಯಾರು ತಲೆ ಹಾಕ್ತಾರೆ?” ಅಂದಳು.

ಇಬ್ಬರೂ ನಕ್ಕೆವು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತುಕೊಂಡೆ. ನನ್ನ ಅಚ್ಚು ಪುಟ್ಟ ಮಗುವಿನ ತಲೆಯದು ಅಕ್ಕ. ನಾನು ಬಿಟ್ಟು ಬಂದಾಗ ಇದ್ದ ಮಗುವಿಗೇ ಐದು ವರ್ಷ ಮನೆ ಹುಡುಕಿದೆ. ಅಷ್ಟು ಹೊತ್ತಿಗೆ ಆ ಮಗು ನಿನ್ನ ಮನೆಯಲ್ಲಿ ದಿನಾ ಬೆಳೆಯುತ್ತಿತ್ತು. ಬೇಲಿಯಿಲ್ಲದ ಕೊಳದ ಪಕ್ಕದ ಮನೆಯನ್ನೇ ಕೊಂಡು ನಾನೇ ಬೇಲಿ ಹಾಕಬಹುದಿತ್ತು. ಕಂಬಿಗೆ ಒಂದು ಬಲೆ ಕಟ್ಟಿದ್ದರೆ ಮುಗಿಯುತ್ತಿತ್ತು. ಇದು ಈಗ ಹೊಳೆಯುತ್ತದೆ ನೋಡು, ನನ್ನ ಬುದ್ಧಿಗೆ ಬೆಂಕಿ ಹಾಕ.

ಎರಡನೆಯ ದಿನ “ಮನೆಗೆ ಒಂದು ಫೋನ್ ಮಾಡಬಹುದಾ?” ಎಂದು ಕೇಳಿದಳು. ನಿನ್ನ ಸಣ್ಣವನ ಹತ್ತಿರ ಅರ್ಧ ಗಂಟೆ ಮಾತು. ಅವಳ ಸೈಕಲ್ಲು ಮುಟ್ಟಿದ್ದಕ್ಕೆ ಅವನಿಗೆ ಬೈದಳು, ರೇಗಿದಳು, ಬಿದ್ದು ಬಿದ್ದು ನಕ್ಕಳು. ಆ ದನಿಯನ್ನು ನಾನು ಮೊದಲ ಸಲ ಕೇಳಿದ್ದು. ಫೋನ್ ಇಟ್ಟ ಮೇಲೆ ಮತ್ತೆ ಒಳ್ಳೆಯ ಹುಡುಗಿಯಾಗಿಬಿಟ್ಟಳು. ವಾಪಸು ಬರುವಾಗ ಬಸ್ಸಿನಲ್ಲಿ “ಅಪ್ಪ, ನಿಮ್ಮ ಮನೆ ತುಂಬಾ ಚೆನ್ನಾಗಿದೆ” ಅಂದಳು.

ಮನೆಯನ್ನು ಮಾರುವುದಿಲ್ಲ, ಹೆದರಬೇಡ. ಅಧ್ಯಕ್ಷೆಯಮ್ಮ ಆಗಲೇ ಉಯ್ಯಾಲೆ ಕೊಂಡಿಗಳ ಉಸ್ತುವಾರಿ ನನ್ನ ತಲೆಗೆ ಕಟ್ಟಿದ್ದಾರೆ. ಹೊಸ ಊರಿನಲ್ಲಿ ಮನೆ ಹಿಡಿಯುವಾಗ ಮೆಟ್ಟಿಲು, ಕಿಟಕಿ ಎಲ್ಲ ಸರಿಯಾಗಿ ನೋಡಿ... ಬೇಡ, ಬಿಡು. ನಿಮಗೆ ಹೇಗೆ ಅನುಕೂಲವೋ ಹಾಗೆ ಹಿಡಿಯಿರಿ.

ಮೂರು ಮಕ್ಕಳಿಗೂ ನನ್ನ ಆಶೀರ್ವಾದ. ಚೆನ್ನಾಗಿ ಜಗಳವಾಡಿಕೊಂಡು ಚೆನ್ನಾಗಿರಲಿ. ನೀನು ಆರೋಗ್ಯ ನೋಡಿಕೋ.

ನಿನ್ನ ತಮ್ಮ

ತಾ.ಕ.: ಗೋಡೆಗೆ ತೇವ ಬಂದಿಲ್ಲ. ಶಾಲೆಯಲ್ಲಿ ಜಾಗ ಇದೆ. ಕಚೇರಿಯವರೂ ಏನೂ ಹೇಳಿಲ್ಲ. ಇಷ್ಟು ವರ್ಷ ನನ್ನ ಮಗಳನ್ನು ಸಾಕಿದವಳಿಗೆ ಸುಳ್ಳು ಬರೆದು ಲಕೋಟೆ ಅಂಟಿಸಲು ಕೈ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಜಾರುಬಂಡೆಯ ಹತ್ತಿರ ಪಕ್ಕದ ಮನೆಯ ಚಿಕ್ಕ ಹುಡುಗಿ ನನ್ನ ಕಡೆ ಕೈ ತೋರಿಸಿ, “ಅವರು ನಿಂಗೆ ಏನಾಗ್ಬೇಕು?” ಎಂದು ಕೇಳಿತು. ಕಡ್ಡಿ ಹಿಂದೆ ಮುಂದೆ ನೋಡದೆ, “ನಮ್ಮ ಮಾಮ” ಅಂದಳು. ನಿನ್ನ ಮಕ್ಕಳು ನನ್ನನ್ನು ಕರೆಯುವುದು ಹಾಗೇ ತಾನೇ, ಬಾಯಿಗೆ ಅದೇ ಬಂದಿದೆ. ಮರುಕ್ಷಣ ಅವಳಿಗೇ ತಿಳಿಯಿತು. ಕಿವಿಯವರೆಗೂ ಕೆಂಪಾಗಿ ನನ್ನತ್ತ ತಿರುಗಿ ನೋಡಿದಳು. ನಾನು ಕೇಳಿಸಿಕೊಳ್ಳದವನ ಹಾಗೆ ಬಗ್ಗಿ ಶೂ ಲೇಸು ಕಟ್ಟುತ್ತಾ ಕೂತೆ. ನನಗೆ ಕೇಳಿಸಿದೆ ಎಂದು ಅವಳಿಗೆ ಗೊತ್ತಾಗಿತ್ತು.

ಆಗಿನಿಂದ ನಿಮ್ಮ ಬೀದಿಯಲ್ಲಿ ಬಸ್ಸು ಇಳಿಯುವವರೆಗೆ ಪ್ರತಿ ಮಾತಿಗೂ ಅಪ್ಪ ಅಂದಳು. ಅಪ್ಪ ನೀರು ಕುಡೀಲಾ, ಅಪ್ಪ ಲೈಟ್ ಆರಿಸ್ಲಾ, ಅಪ್ಪ ಆ ಹಕ್ಕಿ ನೋಡಿ ಅಪ್ಪ. ಯಾವ ಮಗುವೂ ತನ್ನ ಅಪ್ಪನನ್ನು ಅಷ್ಟು ಸಲ ಕರೆಯುವುದಿಲ್ಲ ಅಕ್ಕ. ಆ ಪುಟ್ಟ ಜೀವ ನನಗೆ ನೋವಾಗದ ಹಾಗೆ ನೋಡಿಕೊಳ್ಳುತ್ತಿತ್ತು. ಆ ಕೆಲಸವನ್ನು ದಿನಾ ಅವಳಿಂದ ಮಾಡಿಸಲಾರೆ.

ಇದರ ಬಗ್ಗೆ ಅವಳನ್ನು ಏನೂ ಕೇಳಬೇಡ, ಬೈಯಲೂ ಬೇಡ. ಅವಳು ಭಾವನವರನ್ನು ಏನೆಂದು ಕರೆಯುತ್ತಾಳೆ ಎಂದು ಐದು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ, ನೀನೂ ಹೇಳಲಿಲ್ಲ. ಈಗಲೂ ಹೇಳಬೇಡ.