ಡೀಲರುಗಳ ದ್ವೀಪಯಾತ್ರೆ

ಕುರುಗೋಡು
೧೯ ಜೂನ್ ೨೦೨೪

ಪ್ರೀತಿಯ ಪಾರಮ್ಮ ಅತ್ತಿಗೆಗೆ,

ನಿನ್ನ ನಾದಿನಿ ಜ್ಯೋತಿಯ ನಮಸ್ಕಾರ. ನೀನೂ ಮಗಳು ನಂದಿನಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನು ಉಂಡು ತಿಂದು ಓಡಾಡಿಕೊಂಡಿದ್ದೇನೆ, ಕ್ಷೇಮ ಎಂದು ಬರೆಯಲು ಮಾತ್ರ ಕೈ ಏಳುತ್ತಿಲ್ಲ. ಪರದೇಶದಿಂದ ಬಂದು ಇಪ್ಪತ್ತು ದಿನವಾದರೂ ಹಚ್ಚೊಳ್ಳಿಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ಬೈಯಿ, ಬೈಸಿಕೊಳ್ಳುತ್ತೇನೆ. ಎರಡು ಸಲ ಸಿರುಗುಪ್ಪದ ಬಸ್ ಸ್ಟ್ಯಾಂಡಿಗೆ ಬಂದು, ಹಚ್ಚೊಳ್ಳಿ ಬಸ್ಸು ತುಂಬಿ ಹೊರಡುವುದನ್ನು ನೋಡಿ ಮನೆಗೆ ಹಿಂದಿರುಗಿದೆ. ಎದುರು ಕೂತು ಹೇಳಲಾಗದ್ದನ್ನು ಬರೆಯಬಹುದೇನೋ ಎಂದು ಕಾಗದ ಹಿಡಿದಿದ್ದೇನೆ. ನೀನು ನಿಧಾನವಾಗಿ ಕೂಡಿಸಿ ಓದುವವಳು, ಅದಕ್ಕೇ ಅಕ್ಷರ ದಪ್ಪ ಮಾಡಿದ್ದೇನೆ.

ಈಗ ಕುರುಗೋಡಿನಲ್ಲಿ ನೀಲಾವತಿ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಬಂದು ಆರು ದಿನವಾಯಿತು. ಯಾಕೆ ಬಂದೆ ಎಂದು ಅವಳು ಕೇಳಲಿಲ್ಲ. "ಮೊದಲ ಎರಡು ರೊಟ್ಟಿ ತಿನ್ನು, ಆಮ್ಯಾಲೆ ಏನರ ಅಳು" ಅಂದಳು. ಇಷ್ಟು ದೇಶ ತಿರುಗಿ ಬಂದ ಮೇಲೆ ನಾನು ಕೇಳಿದ ಬುದ್ಧಿವಂತಿಕೆಯ ಮಾತು ಅದೊಂದೇ.

ಪ್ರವಾಸದ ಸಂಗತಿ ಮೊದಲು ಹೇಳಿಬಿಡುತ್ತೇನೆ. ನಮ್ಮ ಮನೆಯವರ ಗೊಬ್ಬರ, ಔಷಧಿ ಅಂಗಡಿ ಹೋದ ವರ್ಷ ಈ ಸೀಮೆಯಲ್ಲೇ ಎಲ್ಲರಿಗಿಂತ ಹೆಚ್ಚು ಮಾಲು ಖಾಲಿ ಮಾಡಿತಂತೆ. ಅದಕ್ಕೆ ಕಂಪನಿಯವರು ಗಂಡ ಹೆಂಡತಿ ಇಬ್ಬರಿಗೂ ಎಂಟು ದಿನದ ಜರ್ಮನಿ ಪ್ರವಾಸ ಕೊಟ್ಟರು. ಹೊರಟವರು ಹದಿನೆಂಟು ಡೀಲರುಗಳು, ಒಂಬತ್ತು ಹೆಂಡಂದಿರು, ನಮ್ಮನ್ನು ಕಾಯಲು ಕಂಪನಿಯ ಮ್ಯಾನೇಜರ್ ಸಂಗಮೇಶ್. ಎಲ್ಲರಿಗೂ ಹಸಿರು ಟೋಪಿ, ಹಸಿರು ಅಂಗಿ. ವಿಮಾನ ನಿಲ್ದಾಣದಲ್ಲಿ ಸಾಲಾಗಿ ನಿಂತಾಗ ಸಂತೆಗೆ ತಂದ ಗಿಳಿಗಳ ಹಾಗೆ ಕಾಣುತ್ತಿದ್ದೆವು. ಗಿಳಿಗಳಾದರೂ ನಡುನಡುವೆ ಸುಮ್ಮನಿರುತ್ತವೆ.

ಅಲ್ಲಿ ಬೋಡನ್ ಎಂಬ ದೊಡ್ಡ ಸರೋವರವಿದೆ. ಅದರ ದಂಡೆಗೆ ಅಂಟಿಕೊಂಡಂತೆ ನೀರಿನೊಳಗೇ ಲಿಂಡಾವ್ ಎಂಬ ಊರು. ಸಣ್ಣ ನಡುಗಡ್ಡೆ. ಒಂದು ಸೇತುವೆ, ಒಂದು ರೈಲು ಹಳಿ, ಅಷ್ಟೇ ದಾರಿ. ಬಂದರಿನ ಬಾಯಲ್ಲಿ ಒಂದು ಕಡೆ ಕಲ್ಲಿನ ಸಿಂಹ ಕೂತಿದೆ, ಇನ್ನೊಂದು ಕಡೆ ದೀಪಸ್ತಂಭ. ನೀರಿನ ಆಚೆಗೆ ಹಿಮದ ಬೆಟ್ಟಗಳು. ಚೆಂದವಿಲ್ಲ ಎಂದರೆ ನಾಲಿಗೆ ಬಿದ್ದೀತು. ಆದರೆ ನನಗೆ ಆ ಚೆಂದವೂ ಸಿಟ್ಟು ತರಿಸಿತು, ಅತ್ತಿಗೆ. ಕಿಟಕಿ ಕಿಟಕಿಗೂ ಹೂವಿನ ಕುಂಡ, ಓಣಿಯ ಕಲ್ಲುಹಾಸಿನ ಮೇಲೆ ಒಂದು ಕಡ್ಡಿಯಿಲ್ಲ. ಬೆಕ್ಕಿನಷ್ಟಿರುವ ನಾಯಿ ಹಿಡಿದುಕೊಂಡು ಮುದುಕರು ಐಸ್‌ಕ್ರೀಂ ನೆಕ್ಕುತ್ತಾ ಕೂತಿರುತ್ತಾರೆ. ಯಾರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ. ಊರು ಅನ್ನುವುದಕ್ಕಿಂತ, ಅತಿಥಿಗಳು ಬರುತ್ತಾರೆಂದು ಒರೆಸಿಟ್ಟ ಷೋಕೇಸಿನಂತಿತ್ತು.

ನಮ್ಮವರೋ, ಆ ಷೋಕೇಸಿನೊಳಗೆ ಹೊಕ್ಕ ಹೋರಿಗಳು. ದೋಣಿ ಹತ್ತಿದ ಐದು ನಿಮಿಷಕ್ಕೇ ಇಸ್ಪೀಟು ಹಾಸಿದರು. ಬೆಟ್ಟದ ಕಡೆ ಯಾರೂ ತಲೆಯೆತ್ತಲಿಲ್ಲ, ಫೋಟೋ ಹೊಡೆಯುವಾಗ ಬೆನ್ನು ಕೊಟ್ಟು ನಿಂತರು. ಕಂಪ್ಲಿ ಕಡೆಯ ಡೀಲರ್ ಚನ್ನಬಸವರಾಜ ಒಮ್ಮೆ ಕಣ್ಣಾಡಿಸಿ, "ಇದೇನ್ ದೊಡ್ಡದಲೇ, ನಮ್ಮ ಡ್ಯಾಂ ಇದರ ಅಪ್ಪ ಐತಿ. ಆದ್ರ ಜಾಗಾ ಚೊಲೊ ಐತಿ, ಈ ದಂಡ್ಯಾಗ ಒಂದು ರೈಸ್ ಮಿಲ್ ಹಾಕಬೇಕು ನೋಡು" ಅಂದ. ಎಲ್ಲರೂ ಹೌದೌದು ಎಂದು ತಲೆಯಾಡಿಸಿದರು. ಇವರನ್ನು ಸ್ವರ್ಗಕ್ಕೆ ಕಳಿಸಿದರೂ ಹೊಟ್ಟು ಎಲ್ಲಿ ಸುರಿಯುವುದು ಎಂದೇ ಮೊದಲು ಕೇಳುತ್ತಾರೆ. ಹೆಂಗಸರು ಶೇಂಗಾ ಚಟ್ನಿ ತಂದಿದ್ದರು. ಅದನ್ನು ಹೀಯಾಳಿಸಲಾರೆ, ನಾನೂ ಬೇಡಿ ತಿಂದೆ.

ಅಣ್ಣ ಇದ್ದಿದ್ದರೆ ಎಂದು ಅಂದುಕೊಂಡೆ. ಸುಂಕಣ್ಣ ಯಾವ ನೀರು ಕಂಡರೂ ಮೊದಲು ಚಪ್ಪಲಿ ಬಿಟ್ಟು ಇಳಿಯುತ್ತಿದ್ದ, ಬೊಗಸೆ ತುಂಬಿ ಕುಡಿದು, "ಸೀ ಐತಿ ಬಿಡು" ಎನ್ನುತ್ತಿದ್ದ. ನಾನು ಬಂದರಿನ ಮೆಟ್ಟಿಲಿಳಿದು ಒಂದು ಬೊಗಸೆ ಕುಡಿದೆ. ಸಂಗಮೇಶ್ ಓಡಿ ಬಂದು, "ಮೇಡಂ, ಹಂಗ ಕುಡೀಬಾರ್ದ್ರಿ, ಬಾಟಲಿ ನೀರು ಐತಲ್ಲ" ಎಂದ. ನೀರಿನ ಮೇಲೆ ಅಷ್ಟು ಅನುಮಾನವಿರುವ ಮನುಷ್ಯ ಉಳಿದ ಬಾಟಲಿಗಳ ಬಗ್ಗೆ ಎಷ್ಟು ನಿಶ್ಚಿಂತನಾಗಿದ್ದಾನೆ ಎಂಬುದು ಮೂರನೆಯ ದಿನ ಗೊತ್ತಾಯಿತು.

ಆ ದಿನ ದ್ವೀಪದಿಂದ ಸೇತುವೆ ದಾಟಿ ಸುತ್ತಲ ಹಳ್ಳಿಗಳನ್ನು ತೋರಿಸಲು ಕರೆದೊಯ್ದರು. ದಿನ್ನೆಯ ಮೇಲೆಲ್ಲ ಸೇಬಿನ ತೋಟ, ತಂತಿಗೆ ಕಟ್ಟಿದ ಗಿಡಗಳ ಸಾಲು, ಇನ್ನೂ ಗಜ್ಜುಗದಷ್ಟು ಕಾಯಿ. ಒಂದು ತೋಟದ ಒಡತಿ ಎಪ್ಪತ್ತರ ಹತ್ತಿರದ ಮುದುಕಿ. ರಬ್ಬರ್ ಬೂಟು, ಮಣ್ಣು ಮೆತ್ತಿದ ಕೈ. ಎಂಟು ದಿನದಲ್ಲಿ ನನಗೆ ಮನುಷ್ಯಳೆನಿಸಿದವಳು ಅವಳೊಬ್ಬಳೇ. ಅವಳ ಮಾತನ್ನು ನಮಗೆ ತಿಳಿಸಲು ಅನಂತಪುರದ ಕಡೆಯ ಒಬ್ಬ ಹುಡುಗಿ ಇದ್ದಳು, ಅಲ್ಲೇ ಓದುತ್ತಿದ್ದಾಳೆ. ತೆಲುಗಿನಲ್ಲಿ ಹೇಳುತ್ತಿದ್ದಳು, ನಮಗೆಲ್ಲ ಸಲೀಸಾಗಿ ತಿಳಿಯುತ್ತಿತ್ತು.

ಚನ್ನಬಸವರಾಜ ಹೊಟ್ಟೆ ಮುಂದೆ ಮಾಡಿ, "ಹುಳಕ್ಕ ಯಾವ ಎಣ್ಣಿ ಹೊಡಿತೀರಿ ಅಂತ ಕೇಳಮ್ಮ" ಎಂದ. ಮುದುಕಿ ಏನೇನೋ ಹೇಳಿದಳು. ಆಗ ನಮ್ಮ ಮನೆಯವರು ಮುಂದೆ ಬಂದು ಮೊಬೈಲಿನಲ್ಲಿ ನಮ್ಮ ಅಂಗಡಿಯ ಹಳದಿ ಮುಚ್ಚಳದ ಬಾಟಲಿಯ ಫೋಟೋ ತೋರಿಸಿದರು. "ಇದನ್ನ ಒಮ್ಮಿ ಹೊಡದು ನೋಡ್ರಿ ಅನ್ನು. ಸಂಜಿಮುಂದ ಹೊಡದ್ರ ಮುಂಜಾನಿಗೆ ಒಂದು ಹುಳ ಇರೂದಿಲ್ಲ. ನಮ್ಮ ಕಡೆ ಇದರ ಕಿಂಗ್ ನಾನ" ಎಂದರು. ಕಿಂಗ್!

ಮುದುಕಿ ಕನ್ನಡಕ ಹಾಕಿಕೊಂಡು ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿದಳು. ಓದಿ ಎರಡು ಹೆಜ್ಜೆ ಹಿಂದೆ ಸರಿದಳು, ಅದು ಫೋಟೋ ಅಲ್ಲ, ಸೋರುವ ಬಾಟಲಿಯೇ ಎಂಬಂತೆ. ಅವಳು ಹೇಳಿದ್ದನ್ನು ಹುಡುಗಿ ತಿಳಿಸಲು ಅನುಮಾನಿಸಿದಳು. ನಾನೇ, "ಹೇಳಮ್ಮ" ಎಂದೆ. ಇದನ್ನು ಇಲ್ಲಿ ನಿಷೇಧಿಸಿ ಹದಿನಾಲ್ಕು ವರ್ಷವಾಯಿತಂತೆ. ಅವಳ ಗಂಡ ಯೌವನದಲ್ಲಿ ಇಂಥದ್ದನ್ನೇ ಹೊಡೆದವನು, ಕೊನೆಕೊನೆಗೆ ಅವನ ಕೈಗೆ ಚಮಚ ನಿಲ್ಲುತ್ತಿರಲಿಲ್ಲವಂತೆ. "ನೀವು ಇದನ್ನು ಈಗಲೂ ಮಾರುತ್ತೀರಾ?" ಎಂದು ಕೇಳುತ್ತಿದ್ದಾಳೆ.

ಸಂಗಮೇಶ್ ನಕ್ಕ. ಹಲ್ಲುಪುಡಿ ಜಾಹೀರಾತಿನ ನಗು. "ಇಲ್ಲಿ ಹವಾ ಬ್ಯಾರೆ, ನಮ್ಮ ಹವಾ ಬ್ಯಾರೆ" ಎಂದ. ಚನ್ನಬಸವರಾಜ, "ಇವ್ರ ಮೈಯಾಗ ದಮ್ಮಿಲ್ರಿ. ನಮ್ಮ ರೈತರು ಗಟ್ಟಿ" ಎಂದ. ಹದಿನೆಂಟೂ ಜನ ನಕ್ಕರು. ನಮ್ಮ ಮನೆಯವರೂ ನಕ್ಕರು, ಅತ್ತಿಗೆ.

ಎರಡು ವರ್ಷದ ಹಿಂದೆ ಭತ್ತಕ್ಕೆ ಜಿಗಿಹುಳು ಬಿದ್ದಾಗ ಅಣ್ಣ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೊಡೆದದ್ದು ಆ ಹಳದಿ ಮುಚ್ಚಳದ್ದನ್ನೇ. ನಮ್ಮ ಅಂಗಡಿಯಿಂದಲೇ ಒಯ್ದಿದ್ದ, ನಾನೇ ಕಪಾಟಿನಿಂದ ತೆಗೆದುಕೊಟ್ಟಿದ್ದೆ. ಮಧ್ಯಾಹ್ನ ಬದುವಿನ ಮೇಲೆ ಬಿದ್ದವನನ್ನು ನೀನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಸಿರುಗುಪ್ಪಕ್ಕೆ ತಂದೆ, ಅಲ್ಲಿಂದ ಎಲ್ಲರೂ ಬಳ್ಳಾರಿಗೆ ಒಯ್ದೆವು. ಮೂರನೆಯ ದಿನಕ್ಕೆ ಮುಗಿಯಿತು. ಅಣ್ಣ ಗಟ್ಟಿಯಿರಲಿಲ್ಲವೇ? ಎರಡು ಚೀಲ ನೆಲ್ಲು ಒಟ್ಟಿಗೆ ಹೊರುತ್ತಿದ್ದ.

ಅವತ್ತು ಸಂಜೆ ದ್ವೀಪದ ಹೋಟೆಲಿನಲ್ಲಿ ಸನ್ಮಾನ. ಕಂಪನಿಯವರು ಬಳ್ಳಾರಿಯಿಂದಲೇ ಶಾಲು, ಪೇಟ ಹೊತ್ತು ತಂದಿದ್ದರು. ಹಿಮದ ಬೆಟ್ಟದ ಮುಂದೆ ಪೇಟ ಸುತ್ತಿಕೊಂಡು ಗಾಜಿನ ಟ್ರೋಫಿ ಹಿಡಿದು ನಿಂತ ನಮ್ಮ ಮನೆಯವರ ಮುಖ ನೋಡಬೇಕಿತ್ತು. ನಮ್ಮ ಮದುವೆಯ ದಿನವೂ ಅವರು ಅಷ್ಟು ಬೆಳಗಿರಲಿಲ್ಲ. ಸಂಗಮೇಶ್ ಮೈಕು ಹಿಡಿದು, "ಗುರುಸ್ವಾಮಿ ಸರ್ ಯಶಸ್ಸಿನ ಹಿಂದಿನ ಶಕ್ತಿ, ಜ್ಯೋತಿ ಮೇಡಂ ಎರಡು ಮಾತು ಹೇಳಬೇಕು" ಎಂದ.

ಎದ್ದು ಹೋದೆ. ಮೈಕು ತೆಗೆದುಕೊಂಡೆ. "ನಾನು ಸಿರುಗುಪ್ಪದ ಜ್ಯೋತಿ. ನಮ್ಮ ಮನಿಯವ್ರಿಗೆ ನೀವು ಶಾಲು ಹೊದಿಸೀರಿ, ಸಂತೋಷ. ನಮ್ಮಣ್ಣ ಸುಂಕಣ್ಣಗ ಇದ ಬಾಟಲಿ ಹೊಡದಿದ್ದಕ್ಕ ಬಿಳಿ ಬಟ್ಟಿ ಹೊದಿಸಿದ್ವಿ. ಇಲ್ಲಿಯ ಮಂದಿ ಮುಟ್ಟಲಾರದ್ದನ್ನ ನಮಗ ಮಾರಿ, ಇಲ್ಲಿಗೇ ಕರಕೊಂಡು ಬಂದು ಉಣಿಸಾಕತ್ತೀರಲ್ಲ, ನಿಮಗ ಗಂಟಲದಾಗ ಹೆಂಗ ಇಳಿತೈತ್ರಿ?" ಎಂದೆ.

ಹಿಂದಿನ ಸಾಲಿನಲ್ಲಿ ಅರ್ಧ ಕೇಳಿಸಿಕೊಂಡ ಯಾವನೋ, ನಾನು ವಂದನಾರ್ಪಣೆ ಮಾಡಿದೆನೆಂದು ತಿಳಿದು ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಸಂಗಮೇಶ್ ಹಾಡು ಹಾಕಿಸಿದ. ಅವರು ಕುಣಿದರು, ಅತ್ತಿಗೆ. ಬೈದಿದ್ದರೆ ನನಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ.

ಮರುದಿನ ಮುಂಜಾನೆ ಬಂದರಿನ ಬೆಂಚಿನ ಮೇಲೆ ನಮ್ಮ ಮನೆಯವರು ಮಾತು ತೆಗೆದರು. "ಎಲ್ಲಾರ ಮುಂದ ನನ್ನ ಮರ್ಯಾದಿ ಕಳದಿ."

"ನಿಮ್ಮ ಮರ್ಯಾದಿಗೂ ಹಳದಿ ಮುಚ್ಚಳ ಐತೇನ್ರಿ?" ಎಂದೆ.

"ನಾ ಮಾರದಿದ್ರ ಬಾಜೂ ಅಂಗಡಿಯವ ಮಾರ್ತಾನ. ನಿಮ್ಮಣ್ಣ ಮುಖಕ್ಕ ಬಟ್ಟಿ ಕಟ್ಟಲಿಲ್ಲ, ಗಾಳಿಗೆ ಎದುರು ನಿಂತು ಹೊಡದ. ಅದಕ್ಕ ನಾ ಏನ್ ಮಾಡ್ಲಿ?"

"ಮುಖಕ್ಕ ಬಟ್ಟಿ ಕಟ್ಟಿಕೋರಿ ಅಂತ ಇಷ್ಟು ವರ್ಷದಾಗ ಒಬ್ಬರಿಗರ ಹೇಳೀರೇನು?"

ಅವರು ನೀರಿನ ಕಡೆಗೆ ತಿರುಗಿದರು. ಆಮೇಲೆ ಮೆಲ್ಲಗೆ, "ಭಾಳ ಮಾತಾಡಬ್ಯಾಡ ಜ್ಯೋತಿ. ಬಳ್ಳಾರ್ಯಾಗ ನೀ ಏನ್ ಮಾಡಿದಿ, ನೆನಸ್ಕೊ" ಎಂದರು.

ನಾನು ಬೆಂಚಿನಿಂದ ಎದ್ದು ಹೋಟೆಲಿಗೆ ನಡೆದೆ. ಉಳಿದ ದಿನ ಎಲ್ಲೆಲ್ಲಿ ಸುತ್ತಿದೆವೋ ನನಗೆ ಗೊತ್ತಿಲ್ಲ. ಯಾವುದೋ ಕೋಟೆ, ಯಾವುದೋ ಜಲಪಾತ, ಎಲ್ಲ ಕಡೆ ಹಸಿರು ಟೋಪಿಗಳು.

ಊರಿಗೆ ಬಂದ ಮೇಲೆ ಆ ಟ್ರೋಫಿಯನ್ನು ಅಂಗಡಿಯಲ್ಲಿ ದೇವರ ಫೋಟೋದ ಪಕ್ಕದಲ್ಲೇ ಇಟ್ಟಿದ್ದಾರೆ. ದಿನಾ ಎರಡಕ್ಕೂ ಸೇರಿಸಿ ಊದುಬತ್ತಿ. ಹೋದ ವಾರ ಮೈಲಾರಲಿಂಗಪ್ಪ ಎಂಬ ವಯಸ್ಸಾದ ರೈತರು ಅದೇ ಬಾಟಲಿ ಕೇಳಿಕೊಂಡು ಬಂದರು. ನಾನು ಇಲ್ಲ ಎಂದೆ. ಒಳಗಿನಿಂದ ನಮ್ಮ ಮನೆಯವರು ಬಂದು, "ಐತ್ರಿ ಯಜಮಾನ್ರ, ಈಕಿಗೆ ಗೊತ್ತಿಲ್ಲ" ಎಂದು ಎರಡು ಕೊಟ್ಟರು. ನಾನು ಆ ಅಜ್ಜನ ಹಿಂದೆ ರಸ್ತೆಯವರೆಗೆ ಓಡಿ, ಅಣ್ಣನಿಗೆ ಆದದ್ದನ್ನು ಹೇಳಿದೆ. ಅವರು ಬಾಟಲಿ ತಿರುಗಿಸಿ ನೋಡಿ, ಮರಳಿ ಬಂದು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೋದರು. ಅವತ್ತೇ ಬಟ್ಟೆ ತುಂಬಿಕೊಂಡು ಕುರುಗೋಡಿಗೆ ಬಂದೆ. ಆ ಅಂಗಡಿಯ ಮೆಟ್ಟಿಲು ಇನ್ನು ಹತ್ತುವುದಿಲ್ಲ. ಮನೆಯ ವಿಷಯ ಇನ್ನೂ ತಿಳಿಯದು.

ನಂದಿನಿಗೆ ನನ್ನ ಆಶೀರ್ವಾದ. ಅವಳ ಓದು ಚೆನ್ನಾಗಿ ಮುಂದುವರಿಯಲಿ, ಅಣ್ಣನ ಹಾಗೆ ನೇರ ಮಾತಿನವಳಾಗಲಿ, ಅತ್ತೆಯ ಹಾಗೆ ಆಗದಿರಲಿ. ಕಾಲುವೆಗೆ ನೀರು ಬಿಡುವ ಹೊತ್ತಿಗೆ ನಿನ್ನ ಸೊಂಟದ ನೋವು ಇಳಿದಿರಲಿ. ದೊಡ್ಡವಳಾದ ನಿನ್ನ ಕಾಲಿಗೆ ನಮಸ್ಕಾರ.

ನಿನ್ನ,
ಜ್ಯೋತಿ

ಮತ್ತೆ ಬರೆದದ್ದು: ಸಹಿ ಮಾಡಿ ಕವರಿಗೆ ಹಾಕಿ, ಮತ್ತೆ ತೆಗೆದೆ. ಇದನ್ನು ಬರೆಯಬೇಕೆಂದೇ ಇಷ್ಟೂ ಬರೆದದ್ದು.

ಅಣ್ಣ ತೀರಿದ ದಿನ ಬಳ್ಳಾರಿಯ ಆಸ್ಪತ್ರೆಗೆ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದರು. ನೀನು ಎಚ್ಚರ ತಪ್ಪಿ ಒಳಗೆ ಮಲಗಿದ್ದೆ. ಏನಾಯಿತೆಂದು ನನ್ನನ್ನು ಕೇಳಿದರು. "ಎಣ್ಣಿ ಹೊಡದಿದ್ದರಿ, ಬದುವಿನ ಮ್ಯಾಲೆ ಬಿದ್ದ" ಎಂದೆ. ನಮ್ಮಲ್ಲಿ ಬೆಳೆಗೆ ಔಷಧಿ ಹೊಡೆಯುವುದಕ್ಕೂ ಅದೇ ಮಾತು, ಸೆರೆ ಕುಡಿಯುವುದಕ್ಕೂ ಅದೇ ಮಾತು. ಬರೆದುಕೊಳ್ಳುತ್ತಿದ್ದವರು ಈ ಸೀಮೆಗೆ ಹೊಸಬರು, ಡಾಕ್ಟರ ಚೀಟಿಯಲ್ಲಿ ಔಷಧಿಯ ವಿಷ ಎಂದಿದ್ದುದನ್ನೂ ಸೇರಿಸಿ, ಕುಡಿದ ಅಮಲಿನಲ್ಲಿ ಔಷಧಿಯನ್ನು ಸರಿಯಾಗಿ ಬಳಸದೆ ಸತ್ತ ಎಂದು ಬರೆದು, ಸರಿಯೇ ಎಂದು ನನಗೆ ಓದಿ ಹೇಳಿದರು. ಅಲ್ಲ ಎನ್ನಲು ಬಾಯಿ ತೆರೆದೆ. ನಮ್ಮ ಮನೆಯವರು ಕಿವಿಯ ಹತ್ತಿರ ಬಂದು, "ಇರ್ಲಿ ಬಿಡು. ಅಂಗಡಿ ಮ್ಯಾಲೆ ಬರೂದಿಲ್ಲ" ಎಂದರು. ನಾನು ಸಹಿ ಹಾಕಿದೆ. ಓದು ಬಂದವಳು, ಓದಿಸಿಕೊಂಡು, ತಿಳಿದೇ ಹಾಕಿದೆ.

ತಿಥಿಯ ದಿನ ನೀನು ಎದೆ ಬಡಿದುಕೊಂಡು, "ಹಬ್ಬಕ್ಕೂ ಮುಟ್ಟಲಾರದವನ್ನ ಕುಡುಕ ಅಂತ ಯಾರು ಬರಸಿದ್ರವ್ವಾ" ಎಂದು ಗೋಳಾಡಿದೆ. ನಿನ್ನ ಕಣ್ಣೊರೆಸಿದವಳು ನಾನೇ. ಕಾಲೇಜಿನಲ್ಲಿ ಯಾರೋ ಕುಡುಕನ ಮಗಳು ಅಂದರೆಂದು ನಂದಿನಿ ಒಂದು ವಾರ ಉಣ್ಣದಿದ್ದಾಗ ಸಮಾಧಾನ ಮಾಡಿದವಳೂ ನಾನೇ. ಈ ಕಾಗದದ ತುಂಬ ಎಷ್ಟೊಂದು ಜನರನ್ನು ಹಳಿದಿದ್ದೇನೆ ನೋಡು. ಅವರಲ್ಲಿ ಒಬ್ಬರೂ ಅಣ್ಣನ ಬೆನ್ನಿಗೆ ಹುಟ್ಟಿದವರಲ್ಲ.

ಸೋಮವಾರ ಒಬ್ಬಳೇ ಬಳ್ಳಾರಿಗೆ ಹೋದೆ. ವಕೀಲರ ಕಡೆಯಿಂದ ಅಫಿಡವಿಟ್ ಬರೆಸಿ ಠಾಣೆಗೆ ಕೊಟ್ಟು ಬಂದೆ. ಸುಳ್ಳು ಹೇಳಿಕೆಗೆ ನಿಮ್ಮ ಮೇಲೆಯೇ ಕೇಸಾಗಬಹುದು ಎಂದು ವಕೀಲರು ಎರಡು ಸಲ ಹೇಳಿದರು. ಆಗಲಿ. ಅದರ ಒಂದು ಪ್ರತಿ ಇದರ ಜೊತೆಗಿದೆ. ನಂದಿನಿಯ ಕೈಲಿ ಗಟ್ಟಿಯಾಗಿ ಓದಿಸು, ನೆರೆಮನೆಯವರೂ ಕೇಳಲಿ. ಸುಂಕಣ್ಣ ಅವತ್ತು ಕುಡಿದಿರಲಿಲ್ಲ, ಯಾವತ್ತೂ ಕುಡಿದವನಲ್ಲ ಎಂದು ಅದರಲ್ಲಿದೆ. ಕೆಳಗೆ ನನ್ನ ಸಹಿ ಇದೆ.